ತಿರುವಿನಲ್ಲಿ ಸವಾರನ ಮೈ



2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಮೋಟೋಜಿಪಿ ಬೈಕ್ ರೇಸ್ ನಡೆಯಿತು. ಭಾರತದಲ್ಲಿ ಅದು ನಡೆದದ್ದು ಅದೇ ಮೊದಲು. ಇಟಲಿಯ ಮಾರ್ಕೊ ಬೆಝೆಕ್ಕಿ ಗೆದ್ದ. ಅಂದು ಟೀವಿ ಮುಂದೆ ಕೂತಿದ್ದವರಲ್ಲಿ ಬಹಳ ಮಂದಿಗೆ ಗೆದ್ದವನ ಹೆಸರು ಮರೆತುಹೋಗಿರಬಹುದು. ತಿರುವುಗಳು ಮಾತ್ರ ಮರೆತುಹೋಗಿರಲಾರವು.

ನೋಡದವರಿಗಾಗಿ ಒಂದು ತಿರುವನ್ನು ಹೇಳುತ್ತೇವೆ. ಗಡಿಯಾರವೊಂದನ್ನು ನೆನೆಸಿಕೊಳ್ಳಿ. ನೆಟ್ಟಗೆ ನಿಂತ ಬೈಕು ಹನ್ನೆರಡು ಗಂಟೆಯ ಮುಳ್ಳು. ಬಲ ತಿರುವಿನ ನಟ್ಟನಡುವೆ ಆ ಮುಳ್ಳು ಎರಡು ಗಂಟೆಯನ್ನೂ ದಾಟಿರುತ್ತದೆ. ಅಂದರೆ 60 ಡಿಗ್ರಿಗೂ ಮೀರಿದ ವಾಲಿಕೆ. ಸವಾರನ ಕುಂಡೆ ಅರ್ಧ ಮಾತ್ರ ಸೀಟಿನ ಮೇಲಿದೆ. ಉಳಿದ ಮೈಯೆಲ್ಲ ಒಳಬದಿಗೆ ಜೋತುಬಿದ್ದಿದೆ. ಬಲ ಮೊಣಕಾಲು ಡಾಂಬರನ್ನು ಸವರುತ್ತಿದೆ. ಮೊಣಕೈಯೂ ಸವರುತ್ತಿದೆ. ಹೆಲ್ಮೆಟ್ಟು ನೆಲದಿಂದ ಗೇಣುಗಳ ಲೆಕ್ಕದಲ್ಲಿ ಮಾತ್ರ ಮೇಲಿದೆ.

ಯಾಕೆ ಹೀಗೆ? ನೋಡುವವರಿಗೆ ಇದು ಗಂಡೆದೆಯ ಪ್ರದರ್ಶನ ಅನ್ನಿಸುತ್ತದೆ. ಬೈಕನ್ನು ಇನ್ನಷ್ಟು ಬೀಳಿಸಲು ಸವಾರ ತೂಕ ಹಾಕಿ ಎಳೆಯುತ್ತಿದ್ದಾನೆ ಅಂತಲೂ ಅನ್ನಿಸುತ್ತದೆ. ನಿಜ ಇದಕ್ಕೆ ತೀರಾ ಉಲ್ಟಾ. ಸವಾರ ಒಳಕ್ಕೆ ಜೋತುಬೀಳುವುದು ಬೈಕು ಕಡಿಮೆ ವಾಲಲಿ ಎಂದು. ಈ ಹೊತ್ತಿನ ಮಾತೆಲ್ಲ ಇದೊಂದೇ ಸಂಗತಿಯ ಸುತ್ತ.

ಮೊದಲು ವಾಲುವುದು ಯಾಕೆ ಎಂದು ನೋಡೋಣ. ತಿರುವಿನಲ್ಲಿ ಓಡುವ ಯಾವ ವಾಹನಕ್ಕೂ ಹೊರಕ್ಕೆ ಉರುಳುವ ಸೆಳೆತ ಇರುತ್ತದೆ. ಕಾರಿಗೆ ನಾಲ್ಕು ಗಾಲಿ, ತಡೆದುಕೊಳ್ಳುತ್ತದೆ. ಬೈಕಿಗೆ ಇರುವುದು ಒಂದೇ ಸಾಲಿನ ಎರಡು ಗಾಲಿ. ಅದು ಒಳಕ್ಕೆ ವಾಲಿ ತನ್ನ ತೂಕದಿಂದಲೇ ಆ ಸೆಳೆತವನ್ನು ಸರಿದೂಗಿಸಬೇಕು. ಎಷ್ಟು ವಾಲಬೇಕು ಎಂಬುದನ್ನು ವೇಗ ಮತ್ತು ತಿರುವಿನ ತ್ರಿಜ್ಯ ತೀರ್ಮಾನಿಸುತ್ತವೆ. 50 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹಾಯಲು ಸುಮಾರು 45 ಡಿಗ್ರಿ ವಾಲಬೇಕು. ಅದೇ ತಿರುವಿಗೆ 100 ಕಿಲೋಮೀಟರಿನಲ್ಲಿ ನುಗ್ಗಿದರೆ ಸುಮಾರು 58 ಡಿಗ್ರಿ. ವೇಗ ಏರಿದ್ದು ಬರೀ 20 ಕಿಲೋಮೀಟರ್. ವಾಲಿಕೆ ಏರಿದ್ದು 12, 13 ಡಿಗ್ರಿ. ವೇಗ ಇಮ್ಮಡಿಯಾದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕದಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಇನ್ನೂ ಒಂದು ತೊಡಕಿದೆ. ಮೇಲಿನ ಲೆಕ್ಕ ಬಲು ತೆಳ್ಳನೆಯ ಟೈರಿನದು. ರೇಸ್ ಬೈಕಿನ ಟೈರು ಅಗಲ. ಬೈಕು ವಾಲಿದಂತೆ ಟೈರು ನೆಲಕ್ಕೆ ತಾಗುವ ಜಾಗ ನಡುವಿನಿಂದ ಅಂಚಿಗೆ, ಒಳಬದಿಗೆ ಸರಿಯುತ್ತದೆ. ಹಾಗೆ ಸರಿದದ್ದಕ್ಕೆ ಬೈಕು ಇನ್ನೂ ಕೆಲವು ಡಿಗ್ರಿ ಹೆಚ್ಚು ವಾಲಲೇಬೇಕು. ಅಗಲ ಟೈರು ಹಿಡಿತ ಕೊಡುತ್ತದೆ, ಜೊತೆಗೆ ವಾಲಿಕೆಯನ್ನೂ ಕೇಳುತ್ತದೆ.

ವಾಲಿದರೆ ಆಗುವ ನಷ್ಟವೇನು? ಮೂರು ಬಗೆಯ ನಷ್ಟ. ಟೈರಿನ ಕಟ್ಟಂಚಿಗೆ ಬಂದ ಮೇಲೆ ಮುಂದಕ್ಕೆ ಟೈರೇ ಇಲ್ಲ. ಫುಟ್‌ರೆಸ್ಟ್ ನೆಲಕ್ಕೆ ಉಜ್ಜಿ ಗಾಲಿಯನ್ನೇ ಎತ್ತಿಬಿಡಬಹುದು. ಮೂರನೆಯದು ಸಸ್ಪೆನ್ಷನ್ ವಿಷಯ. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಆದರೆ ಇದೇ ದೊಡ್ಡದು. ಬೈಕಿನ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವಂಥದ್ದು. ಬೈಕು 60 ಡಿಗ್ರಿ ಮಲಗಿದಾಗ ರಸ್ತೆಯ ಉಬ್ಬುತಗ್ಗು ಅದಕ್ಕೆ ಪಕ್ಕದಿಂದ ಗುದ್ದುತ್ತದೆ. ಪಕ್ಕದ ಗುದ್ದನ್ನು ಅದು ನುಂಗಲಾರದು. ಮೇಲಾಗಿ ಆ ವಾಲಿಕೆಯಲ್ಲಿ ಟೈರಿನ ಮೇಲೆ ಬೀಳುವ ಭಾರ ಎರಡು ಪಟ್ಟು. 65 ಕಿಲೋ ಸವಾರನಿಗೆ ತಾನು 130 ಕಿಲೋ ಎಂಬಂತೆ ಮೈ ಜಗ್ಗುತ್ತದೆ. ಅದಕ್ಕೇ ರೇಸ್ ಬೈಕಿನ ಫ್ರೇಮನ್ನೇ ಪಕ್ಕಕ್ಕೆ ತುಸು ಬಳುಕುವಂತೆ ಮಾಡಿರುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ವೇಗ ಬೇಕಾದರೆ ವಾಲಲೇಬೇಕು, ಆದರೆ ಬೈಕು ವಾಲಿದಷ್ಟೂ ಟೈರಿಗೆ ಕಷ್ಟ. ಇನ್ನು ಸವಾರನ ಮೈ ಈ ಗಂಟನ್ನು ಬಿಡಿಸುವ ಬಗೆ.

ಮೋಟೋಜಿಪಿ ಬೈಕಿನ ಕನಿಷ್ಠ ತೂಕ 157 ಕಿಲೋ. ಸೂಟು, ಬೂಟು, ಹೆಲ್ಮೆಟ್ ಸೇರಿ ಸವಾರ 75 ಕಿಲೋ ಎಂದುಕೊಳ್ಳಿ. ಒಟ್ಟು ತೂಕದಲ್ಲಿ ಸವಾರನ ಪಾಲು ಹತ್ತಿರ ಹತ್ತಿರ ಮೂರರಲ್ಲಿ ಒಂದು. ಇಷ್ಟು ದೊಡ್ಡ ಪಾಲು ತನ್ನಷ್ಟಕ್ಕೆ ಅತ್ತಿತ್ತ ಸರಿಯಬಲ್ಲದು. ಸವಾರ ತನ್ನ ತೂಕವನ್ನು 20 ಸೆಂಟಿಮೀಟರ್ ಒಳಕ್ಕೆ ಸರಿಸಿದರೆ ಬೈಕು, ಸವಾರ ಎರಡೂ ಸೇರಿದ ತೂಕದ ನಡುಬಿಂದು ಆರೇಳು ಸೆಂಟಿಮೀಟರ್ ಒಳಕ್ಕೆ ಬರುತ್ತದೆ. ಆ ಬಿಂದು ನೆಲದಿಂದ ಎರಡಡಿಯ ಆಸುಪಾಸಿನಲ್ಲಿ ಇರುವಂಥದ್ದು. ಸ್ಥೂಲವಾಗಿ ಲೆಕ್ಕ ಹಾಕಿದರೆ ಐದಾರು ಡಿಗ್ರಿ ಉಳಿತಾಯ. ಅದೇ ತಿರುವು, ಅದೇ ವೇಗ. ಬೈಕು ಮಾತ್ರ ಐದಾರು ಡಿಗ್ರಿ ನೆಟ್ಟಗೆ. ಆ ಉಳಿತಾಯವನ್ನು ಸವಾರ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಇನ್ನಷ್ಟು ವೇಗವಾಗಿ ಖರ್ಚು ಮಾಡುತ್ತಾನೆ. ಆದ್ದರಿಂದಲೇ ನೋಡುವವರ ಕಣ್ಣಿಗೆ ಬೈಕು ಮೊದಲಿನಷ್ಟೇ ಮಲಗಿದಂತೆ ಕಾಣುತ್ತದೆ.

ಮಳೆಯಲ್ಲಿ ರೇಸ್ ನಡೆದಾಗ ಇದು ಸ್ಪಷ್ಟವಾಗುತ್ತದೆ. ಒದ್ದೆ ನೆಲದಲ್ಲಿ ಬೈಕನ್ನು ಅಷ್ಟು ಮಲಗಿಸುವಂತಿಲ್ಲ. ಹಾಗೆಂದು ಸವಾರ ಸೀಟಿನಲ್ಲಿ ನೆಟ್ಟಗೆ ಕೂರುವುದಿಲ್ಲ. ಬೈಕು ಹೆಚ್ಚು ನೆಟ್ಟಗಿರುತ್ತದೆ, ಸವಾರ ಒಳಕ್ಕೆ ಜೋತಿರುತ್ತಾನೆ. ಮೈ ಚಾಚುವುದು ಯಾತಕ್ಕೆಂದು ತಿಳಿಯಬೇಕಾದರೆ ಮಳೆಯ ರೇಸನ್ನೇ ನೋಡಬೇಕು.

ಮೊದಲಿನಿಂದಲೂ ಹೀಗೆಯೇ ಇತ್ತೇ? ಇರಲಿಲ್ಲ. 1950ರ ದಶಕದ ಜೆಫ್ ಡ್ಯೂಕ್, 1960ರ ದಶಕದ ಮೈಕ್ ಹೇಲ್‌ವುಡ್ ಇಬ್ಬರೂ ಬ್ರಿಟನ್ನಿನ ಮಹಾ ಸವಾರರು. ಹೇಲ್‌ವುಡ್ ಒಂಬತ್ತು ಸಲ ವಿಶ್ವ ಚಾಂಪಿಯನ್. ಅವರ ಕಾಲದ ಶೈಲಿಯಲ್ಲಿ ಮೊಣಕಾಲು ಟ್ಯಾಂಕಿಗೆ ಅಂಟಿರಬೇಕು. ಬೆನ್ನು ಬೈಕಿನ ನೇರಕ್ಕೇ ಇರಬೇಕು. ಮೊಣಕಾಲು ಹೊರಗೆ ಬಂದರೆ ಅದು ಅಶಿಸ್ತು. ಆಗಿನ ಟೈರು ಸಣ್ಣ, ಹಿಡಿತವೂ ಕಡಿಮೆ. ಆ ಟೈರಿಗೆ ಆ ಶೈಲಿ ಒಪ್ಪಿತ್ತು. ಅವರದು ಹಳೆಯ ಕಾಲದ ಅಜ್ಞಾನ ಎಂದುಕೊಂಡರೆ ಅನ್ಯಾಯವಾದೀತು.

ಬದಲಾವಣೆ ಬಂದದ್ದು ಮಂಜಿನ ನಾಡಿನಿಂದ. ಫಿನ್ಲೆಂಡಿನ ತುರ್ಕು ಊರಿನವನು ಯಾರ್ನೋ ಸಾರಿನೆನ್. ಎಂಜಿನಿಯರಿಂಗ್ ಓದಿದವನು. ಹೆಪ್ಪುಗಟ್ಟಿದ ನೆಲದ ಮೇಲೆ ಬೈಕು ಓಡಿಸಿ ಪಳಗಿದವನು. ಗಾಲಿ ಜಾರುವುದು ಅವನಿಗೆ ಭಯದ ಸಂಗತಿಯಾಗಿರಲಿಲ್ಲ, ದಿನದ ಅಭ್ಯಾಸವಾಗಿತ್ತು. ಅವನು ಡಾಂಬರು ಟ್ರ್ಯಾಕಿನಲ್ಲಿಯೂ ಮೈಯನ್ನು ಒಳಕ್ಕೆ ಇಳಿಸಿ, ಮೊಣಕಾಲು ಚಾಚಿ ತಿರುಗಿದ. 1972ರಲ್ಲಿ 250 ಸಿಸಿ ವಿಶ್ವ ಪ್ರಶಸ್ತಿ ಅವನದಾಯಿತು. 1973ರಲ್ಲಿ ಅಮೆರಿಕದ ಡೇಟೋನಾ 200 ರೇಸನ್ನೂ ಗೆದ್ದ. ಅದೇ ವರ್ಷ ಮೇ 20ರಂದು ಇಟಲಿಯ ಮೋನ್ಜಾದಲ್ಲಿ, 250 ಸಿಸಿ ರೇಸಿನ ಮೊದಲ ಸುತ್ತಿನಲ್ಲೇ ನಡೆದ ಅಪಘಾತದಲ್ಲಿ ತೀರಿಕೊಂಡ. ಇಟಲಿಯ ಸವಾರ ರೆಂಝೋ ಪಸೋಲಿನಿ ಕೂಡ ಅಲ್ಲೇ ಪ್ರಾಣ ಬಿಟ್ಟ. ಸಾರಿನೆನ್‌ಗೆ ಆಗ 27 ವರ್ಷ. ಇನ್ನೆಷ್ಟು ಕಲಿಸಿಹೋಗುತ್ತಿದ್ದನೋ ಎಂದು ರೇಸ್ ಬಲ್ಲವರು ಇಂದಿಗೂ ಮರುಗುತ್ತಾರೆ.

ಆದರೆ ಅವನನ್ನು ಒಬ್ಬ ನೋಡಿಟ್ಟುಕೊಂಡಿದ್ದ. 1972ರಲ್ಲಿ ಕ್ಯಾಲಿಫೋರ್ನಿಯಾದ ಆಂಟೇರಿಯೊ ಟ್ರ್ಯಾಕಿನಲ್ಲಿ ಸಾರಿನೆನ್ ತಿರುಗುವುದನ್ನು ಕಂಡ ಆ ಹುಡುಗನ ಹೆಸರು ಕೆನ್ನಿ ರಾಬರ್ಟ್ಸ್. ಅವನು ಮಣ್ಣಿನ ಟ್ರ್ಯಾಕಿನ ಸವಾರ. ಆಕ್ಸಿಲರೇಟರ್ ತಿರುಚಿ ಹಿಂಗಾಲಿಯನ್ನು ಬೇಕೆಂದೇ ಜಾರಿಸಿ ಬೈಕು ತಿರುಗಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಸಾರಿನೆನ್‌ನ ಮೈ, ತನ್ನ ಮಣ್ಣಿನ ಕೈ, ಎರಡನ್ನೂ ಅವನು ಕೂಡಿಸಿದ. 1970ರ ದಶಕದ ನಡುವೆ ಗೀರಿಲ್ಲದ ನುಣ್ಣನೆಯ ಸ್ಲಿಕ್ ಟೈರು ರೇಸಿಗೆ ಬಂದಿತ್ತು. ಹಿಡಿತ ಹೆಚ್ಚಿತ್ತು. 1978ರಲ್ಲಿ ರಾಬರ್ಟ್ಸ್ ಯುರೋಪಿಗೆ ಬಂದ. ಹಿಂದಿನ ಎರಡು ವರ್ಷ ಗೆದ್ದಿದ್ದ ಬ್ಯಾರಿ ಶೀನ್‌ನನ್ನು ಹಿಂದಿಕ್ಕಿ 500 ಸಿಸಿ ಪ್ರಶಸ್ತಿ ಗೆದ್ದ. 1979, 1980ರಲ್ಲಿ ಮತ್ತೆ ಗೆದ್ದ. ಅವನ ಚರ್ಮದ ಸೂಟಿನ ಮೊಣಕಾಲು ನೆಲಕ್ಕೆ ಉಜ್ಜಿ ಹರಿಯುತ್ತಿತ್ತು. ಅಲ್ಲಿಗೆ ಅಂಟುಪಟ್ಟಿ ಸುತ್ತಿಕೊಳ್ಳುತ್ತಿದ್ದ. ಇಂದು ಸೂಟಿನ ಮೊಣಕಾಲಿಗೆ ಅಂಗೈಯಗಲದ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿರುತ್ತಾರೆ. ಸವೆದಾಗ ಚರ್ ಎಂದು ಕಿತ್ತು ಹೊಸದು ಹಚ್ಚಿದರಾಯಿತು. ಅದಕ್ಕೆ ಸ್ಲೈಡರ್ ಎನ್ನುತ್ತಾರೆ. ಹಳೆಯ ಸ್ಲೈಡರ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದು ಅಂಚು ಓರೆಯಾಗಿ ತೇಯ್ದುಹೋಗಿರುತ್ತದೆ, ಅದರ ತುಂಬ ಡಾಂಬರಿನ ಸಣ್ಣ ಗೀರು.

ಹೀಗೆ ಮೊಣಕಾಲು ನೆಲ ಮುಟ್ಟಿತು. ಅದರ ಕೆಲಸವೇನು? ಊರುಗೋಲಿನ ಕೆಲಸ ಅಲ್ಲ. ಮೊಣಕಾಲಿನ ಮೇಲೆ ಭಾರ ಹಾಕಿದರೆ ಟೈರಿನ ಭಾರ ಕಡಿಮೆಯಾಗಿ ಹಿಡಿತ ತಪ್ಪುತ್ತದೆ. ಮೊಣಕಾಲು ಅಳತೆಗೋಲು. ನೆಲ ತಾಗಿತು ಎಂದರೆ ಬೈಕು ಎಷ್ಟು ವಾಲಿದೆ ಎಂದು ಕಣ್ಣು ಹೊರಳಿಸದೆ ತಿಳಿಯಿತು. ನಿನ್ನೆಗಿಂತ ಬೇಗ ತಾಗಿತೇ, ತಡವಾಗಿ ತಾಗಿತೇ ಎಂಬುದೂ ತಿಳಿಯಿತು.

ಮೈ ಯಾಕೆ ಸರಿಯಬೇಕು, ಅದನ್ನು ಕಲಿಸಿದವರು ಯಾರು ಎಂಬುದನ್ನು ಕೇಳಿದ್ದಾಯಿತು. ಈಗ ಒಂದೇ ಒಂದು ತಿರುವನ್ನು ಮೊದಲಿನಿಂದ ಕೊನೆಯವರೆಗೆ ಸವಾರನ ಜೊತೆ ಹಾದುಬರೋಣ.

ನೇರ ರಸ್ತೆ. ವೇಗ 300 ಕಿಲೋಮೀಟರಿಗೂ ಮೇಲೆ. ಸವಾರ ಟ್ಯಾಂಕಿನ ಮೇಲೆ ಕವುಚಿಕೊಂಡಿದ್ದಾನೆ. ಬ್ರೇಕು ಹಿಡಿಯುವ ಹೊತ್ತಿಗೆ ಎದ್ದು ಕೂರುತ್ತಾನೆ. ಎದೆ ಗಾಳಿಗೆ ಅಡ್ಡವಾಗುತ್ತದೆ, ಅದೂ ಒಂದು ಬ್ರೇಕೇ. ಆಗಲೇ ಕುಂಡೆಯನ್ನು ತಿರುವಿನ ಕಡೆಗೆ ಅರ್ಧ ಸರಿಸಿಕೊಂಡಿರುತ್ತಾನೆ. ಬೈಕು ವಾಲಿದ ಮೇಲೆ ಮೈ ಸರಿಸಲು ಹೋದರೆ ಇಡೀ ಬೈಕು ಅಲುಗುತ್ತದೆ. ತೊಡೆಗಳು ಟ್ಯಾಂಕನ್ನು ಬಿಗಿಯಾಗಿ ಅಪ್ಪಿರುತ್ತವೆ. ಬ್ರೇಕಿನ ರಭಸಕ್ಕೆ ಮುಂದಕ್ಕೆ ನೂಕುವ ಮೈಯನ್ನು ಕಾಲು ತಡೆಯಬೇಕು, ಕೈ ಅಲ್ಲ. ಕೈ ತಡೆದರೆ ಆ ಭಾರವೆಲ್ಲ ಹ್ಯಾಂಡಲ್‌ಗೆ ಹೋಗುತ್ತದೆ. ಕೆಲವರು ಈ ಹೊತ್ತಿನಲ್ಲಿ ಒಳಗಿನ ಕಾಲನ್ನು ಪೂರ್ತಿ ಕೆಳಗೆ ಇಳಿಬಿಡುತ್ತಾರೆ. ಮೋಟೋಜಿಪಿ ಸವಾರ ವ್ಯಾಲೆಂಟಿನೊ ರೋಸಿಯಿಂದ ಹಬ್ಬಿದ ರೂಢಿ ಅದು. ಯಾಕೆಂದು ಕೇಳಿದರೆ ಒಬ್ಬೊಬ್ಬ ಸವಾರ ಒಂದೊಂದು ಕಾರಣ ಕೊಡುತ್ತಾನೆ.

ಮುಂದಿನದು ಬೈಕು ವಾಲಿಸುವುದು. ಬಲಕ್ಕೆ ವಾಲಬೇಕಾದರೆ ಬಲಗೈಯ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಆಗ ಮುಂಗಾಲಿ ಕ್ಷಣಮಾತ್ರ ಎಡಕ್ಕೆ ಹೊರಳುತ್ತದೆ. ಬೈಕಿನ ಬುಡ ಎಡಕ್ಕೆ ಹೋಗುತ್ತದೆ, ಮೇಲ್ಭಾಗ ಬಲಕ್ಕೆ ಬೀಳುತ್ತದೆ. ನಮ್ಮ ಊರಿನ ಬೈಕಿನಲ್ಲೂ ನಡೆಯುವುದು ಇದೇ, ನಾವು ಗಮನಿಸಿರುವುದಿಲ್ಲ ಅಷ್ಟೇ. ಮೈ ಸರಿಸಿದರೆ ಸಾಕು, ಬೈಕು ತಾನೇ ತಿರುಗುತ್ತದೆ ಎಂದು ನಂಬಿದವರು ಬಹಳ. ಅಮೆರಿಕದ ತರಬೇತುದಾರ ಕೀತ್ ಕೋಡ್ ಇದನ್ನು ಪರೀಕ್ಷೆಗೆ ಒಡ್ಡಿದ. ಒಂದು ಬೈಕಿಗೆ ಎರಡನೆಯ ಹ್ಯಾಂಡಲ್ ಕೂರಿಸಿದ. ಅದು ಫ್ರೇಮಿಗೆ ಬಿಗಿದ ಹ್ಯಾಂಡಲ್, ತಿರುಗುವುದೇ ಇಲ್ಲ. ಅದನ್ನು ಹಿಡಿದು ಬರೀ ಮೈಯಿಂದ ತಿರುಗಿಸಲು ಹೋದವರ ಬೈಕು ತುಸು ಓಲಾಡಿತೇ ವಿನಾ ಸರಿಯಾಗಿ ತಿರುಗಲಿಲ್ಲ. ಬೈಕನ್ನು ವಾಲಿಸುವುದು ಹ್ಯಾಂಡಲ್. ಎಷ್ಟು ವಾಲಿದರೆ ಸಾಕು ಎಂಬುದನ್ನು ಮಾತ್ರ ಮೈ ತೀರ್ಮಾನಿಸುತ್ತದೆ. ಕೋಡ್ 1980ರಲ್ಲಿ ಕಟ್ಟಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೂ ಬಂದು ಪಾಠ ಮಾಡಿದೆ. ಬೆಂಗಳೂರಿನಿಂದ ಹೋಗಿ ಕಲಿತುಬಂದವರೂ ಇದ್ದಾರೆ.

ಬೈಕು ವಾಲುತ್ತಿದ್ದಂತೆ ಸವಾರ ಬ್ರೇಕನ್ನು ಒಮ್ಮೆಲೇ ಬಿಡುವುದಿಲ್ಲ. ವಾಲಿಕೆ ಹೆಚ್ಚಿದಷ್ಟೂ ಬೆರಳು ಸಡಿಲಿಸುತ್ತ ಹೋಗುತ್ತಾನೆ. ಟೈರಿಗೆ ಇರುವ ಹಿಡಿತ ಒಂದೇ. ಅದನ್ನು ಬ್ರೇಕಿಗೂ ತಿರುವಿಗೂ ಹಂಚಬೇಕು. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಖೋತಾ.

ನಡುತಿರುವಿನಲ್ಲಿ ಮೈ ಹೀಗಿರುತ್ತದೆ. ಹೊರಗಿನ ತೊಡೆ ಟ್ಯಾಂಕಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿದೆ, ಮೈಯ ಭಾರವೆಲ್ಲ ಅಲ್ಲಿ. ಪಾದದ ಮುಂಭಾಗ ಮಾತ್ರ ಫುಟ್‌ರೆಸ್ಟಿನ ಮೇಲಿದೆ. ಒಳಗಿನ ಮೊಣಕೈ ಮಡಿಚಿ ಕೆಳಗಿಳಿದಿದೆ. ಭುಜ, ತಲೆ ಎರಡೂ ಒಳಕ್ಕೆ, ಕೆಳಕ್ಕೆ. ಕಲಿಯುವವರು ತಪ್ಪುವುದು ಇಲ್ಲಿಯೇ. ಕುಂಡೆಯನ್ನು ಒಳಬದಿಗೆ ಚಾಚುತ್ತಾರೆ, ಮೊಣಕಾಲನ್ನು ಅಗಲಿಸುತ್ತಾರೆ, ತಲೆಯನ್ನು ಮಾತ್ರ ಟ್ಯಾಂಕಿನ ಆಚೆಗೆ, ಹೊರಬದಿಗೆ ಬಿಟ್ಟಿರುತ್ತಾರೆ. ಫೋಟೋದಲ್ಲಿ ಮೊಣಕಾಲು ನೆಲ ಮುಟ್ಟಿರುತ್ತದೆ. ತೂಕ ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ. ಎದೆ, ಭುಜ, ತಲೆ ಸರಿದಾಗಲೇ ನಿಜವಾದ ತೂಕ ಸರಿಯುವುದು.

ಮೈಯ ಈ ಭಂಗಿ ಬ್ರೇಕನ್ನೇ ಬದಲಿಸಿದ್ದೂ ಉಂಟು. ಬಲ ತಿರುವಿನಲ್ಲಿ ಬಲಗಾಲು ಬೈಕು, ನೆಲಗಳ ಸಂದಿಯಲ್ಲಿ ಮಡಿಚಿರುತ್ತದೆ. ಹಿಂಬ್ರೇಕಿನ ಪೆಡಲ್ ಇರುವುದು ಅದೇ ಕಾಲಿನ ಬಳಿ, ಆಗ ಒತ್ತುವುದು ಕಷ್ಟ. ಆಸ್ಟ್ರೇಲಿಯಾದ ಮಿಕ್ ಡೂಹನ್ 1992ರಲ್ಲಿ ಹಾಲೆಂಡಿನ ಆಸೆನ್‌ನಲ್ಲಿ ಬಿದ್ದ. ಬಲಗಾಲು ಕತ್ತರಿಸಬೇಕಾಗುವ ಸ್ಥಿತಿಗೆ ಬಂದಿತ್ತು. ಕಾಲು ಉಳಿಯಿತು, ಪೆಡಲ್ ಒತ್ತುವ ಶಕ್ತಿ ಉಳಿಯಲಿಲ್ಲ. ಹ್ಯಾಂಡಲಿನ ಎಡಬದಿಗೆ ಹೆಬ್ಬೆರಳಿನಿಂದ ಒತ್ತುವ ಹಿಂಬ್ರೇಕು ಹಾಕಿಸಿಕೊಂಡ. 1994ರಿಂದ 1998ರವರೆಗೆ ಸತತ ಐದು ವಿಶ್ವ ಪ್ರಶಸ್ತಿ ಗೆದ್ದ. ಇಂದು ಕಾಲು ಗಟ್ಟಿ ಇರುವ ಸವಾರರೂ ಹೆಬ್ಬೆರಳ ಬ್ರೇಕು ಬಳಸುತ್ತಾರೆ.

ತಿರುವಿನ ಕೊನೆ. ಇಲ್ಲಿ ಸವಾರ ಬೈಕನ್ನು ಮೇಲಕ್ಕೆ ಎತ್ತುತ್ತಾನೆ, ತಾನು ಮಾತ್ರ ಕೆಳಗೇ ಉಳಿಯುತ್ತಾನೆ. ಬೈಕು ಎದ್ದಷ್ಟೂ ಟೈರಿನ ಅಗಲ ಭಾಗ ನೆಲಕ್ಕೆ ಕೂರುತ್ತದೆ. ಅದು ಕೂತ ಮೇಲೆಯೇ ಎಂಜಿನ್ನಿನ ಪೂರ್ತಿ ಶಕ್ತಿ ಕೊಡಲು ಸಾಧ್ಯ.

ಬ್ರೇಕು, ವಾಲಿಕೆ, ನಡುತಿರುವು, ನಿರ್ಗಮನ: ಎಲ್ಲೆಲ್ಲೂ ಮೈ ಮಾಡುತ್ತಿರುವುದು ಒಂದೇ ಕೆಲಸ, ಟೈರಿನ ಹೊರೆ ಇಳಿಸುವುದು. ಈ ಕೆಲಸವನ್ನು ಎಲ್ಲರೂ ಒಂದೇ ರೀತಿ ಮಾಡುವುದಿಲ್ಲ. ಸ್ಪೇನಿನ ಹೊರ್ಹೆ ಲೊರೆಂಜೊ ತಿರುವನ್ನು ಅಗಲವಾಗಿ, ನಯವಾಗಿ, ವೇಗ ಇಳಿಯಗೊಡದೆ ಹಾಯುತ್ತಿದ್ದ. ಅದೇ ದೇಶದ ಮಾರ್ಕ್ ಮಾರ್ಕೆಜ್ ಕೊನೆ ಗಳಿಗೆವರೆಗೆ ಬ್ರೇಕು ಹಿಡಿಯುತ್ತಾನೆ, ತಟ್ಟನೆ ತಿರುಗಿಸುತ್ತಾನೆ, ತಟ್ಟನೆ ಬೈಕನ್ನು ಎಬ್ಬಿಸುತ್ತಾನೆ. 2013ರಲ್ಲಿ, ಮೋಟೋಜಿಪಿಯ ಮೊದಲ ವರ್ಷದಲ್ಲೇ, 20ರ ಹರೆಯದಲ್ಲಿ ಚಾಂಪಿಯನ್ ಆದವನು. ಮುಂಗಾಲಿ ಜಾರಿ ಬಿದ್ದೇಬಿಟ್ಟ ಎನ್ನುವಾಗ ಮೊಣಕೈ, ಮೊಣಕಾಲು ನೆಲಕ್ಕೆ ಒತ್ತಿ ಬೈಕನ್ನು ಮತ್ತೆ ಎಬ್ಬಿಸಿದ್ದನ್ನು ಅವನ ಅಭಿಮಾನಿಗಳು ಎಷ್ಟೋ ಸಲ ಕಂಡಿದ್ದಾರೆ. ಆಗ ಮಾತ್ರ ಮೊಣಕಾಲು ಊರುಗೋಲಾಗುತ್ತದೆ, ಅದೂ ಅರೆಕ್ಷಣ.

ಜರ್ಮನಿಯ ಸಾಕ್ಸೆನ್‌ರಿಂಗ್ ಟ್ರ್ಯಾಕಿನಲ್ಲಿ 2013ರಿಂದ 2019ರವರೆಗೆ ಏಳು ವರ್ಷವೂ ಮಾರ್ಕೆಜ್ ಒಬ್ಬನೇ ಗೆದ್ದ. ಅಲ್ಲಿ 13 ತಿರುವು. ಅದರಲ್ಲಿ 10 ಎಡಕ್ಕೆ. ಅವನು ಅಭ್ಯಾಸ ಮಾಡುವ ಮಣ್ಣಿನ ಟ್ರ್ಯಾಕಿನಲ್ಲಿಯೂ ಎಡಕ್ಕೆ ಸುತ್ತುವುದೇ ಹೆಚ್ಚು. ಸಾಕ್ಸೆನ್‌ರಿಂಗಿನ ಅಪಾಯ ಇರುವುದು ಒಂದು ಬಲ ತಿರುವಿನಲ್ಲಿ. ಸಾಲು ಸಾಲು ಎಡ ತಿರುವು ಮುಗಿಯುವಷ್ಟರಲ್ಲಿ ಟೈರಿನ ಬಲ ಅಂಚು ಆರಿ ತಣ್ಣಗಾಗಿರುತ್ತದೆ. ತಣ್ಣನೆಯ ರಬ್ಬರಿಗೆ ಹಿಡಿತ ಇಲ್ಲ. ಇಳಿಜಾರಿನ ಆ ಬಲ ತಿರುವಿನಲ್ಲಿ ಬಿದ್ದವರು ಲೆಕ್ಕವಿಲ್ಲ.

ರೋಸಿಯ ಕಥೆ ಬೇರೆ. ಅವನು ಒಂಬತ್ತು ವಿಶ್ವ ಪ್ರಶಸ್ತಿ ಗೆದ್ದವನು. ಎತ್ತರದ ಆಳು. ಅವನ ಶೈಲಿ ಹಿಂದಿನ ತಲೆಮಾರಿನದು, ಮೈ ಬೈಕಿಗೆ ಹತ್ತಿರ. ಮಾರ್ಕೆಜ್‌ನಂಥ ಹುಡುಗರು ಮೊಣಕೈ ಸವರುತ್ತ ಮುಂದೆ ಹೋಗುವುದನ್ನು ಕಂಡ. 35ರ ಪ್ರಾಯದಲ್ಲಿ ತನ್ನ ಶೈಲಿಯನ್ನು ತಿದ್ದಲು ಕೂತ. ತಲೆಯನ್ನು ಇನ್ನಷ್ಟು ಒಳಕ್ಕೆ, ಕೆಳಕ್ಕೆ ತಂದ. ಇಪ್ಪತ್ತು ವರ್ಷ ಮೈಗೂಡಿದ ಅಭ್ಯಾಸವನ್ನು 300 ಕಿಲೋಮೀಟರ್ ವೇಗದ ಆಟದಲ್ಲಿ ಬಿಡಿಸಿಕೊಳ್ಳುವುದು ಸಣ್ಣ ಮಾತಲ್ಲ. ಅವನ ಒಂಬತ್ತು ಪ್ರಶಸ್ತಿಗಳಿಗಿಂತ ಇದು ದೊಡ್ಡದು ಎಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ. 2014ರಲ್ಲಿ ಎರಡನೆಯವನಾದ. 2015ರಲ್ಲಿ ಕೊನೆಯ ರೇಸಿನವರೆಗೂ ಅಂಕಪಟ್ಟಿಯಲ್ಲಿ ಮುಂದಿದ್ದ. ಆ ರೇಸು ಮುಗಿದಾಗ ಐದು ಅಂಕದಿಂದ ಪ್ರಶಸ್ತಿ ಲೊರೆಂಜೊ ಪಾಲಾಯಿತು.

ಕೇಳುಗರೇ, ಇಷ್ಟೂ ಟ್ರ್ಯಾಕಿನ ಮಾತು. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಮೊಣಕಾಲು ಚಾಚುವ ಹುಡುಗರನ್ನು ನೀವೂ ಕಂಡಿರುತ್ತೀರಿ. ಅಲ್ಲಿ ಲೆಕ್ಕ ಬೇರೆ. ರೇಸಿನ ಟೈರನ್ನು ಟ್ರ್ಯಾಕಿಗೆ ಇಳಿಸುವ ಮೊದಲೇ ಬಿಸಿ ಹೊದಿಕೆ ಸುತ್ತಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿರುತ್ತಾರೆ. ಘಾಟಿಯಲ್ಲಿ ತಣ್ಣನೆಯ ಟೈರು, ಅದರ ಕೆಳಗೆ ಮರಳು, ತರಗೆಲೆ, ಲಾರಿಯಿಂದ ಸೋರಿದ ಡೀಸೆಲ್. ನಮ್ಮದು ಎಡಬದಿಯ ಸಂಚಾರ. ಬಲ ತಿರುವಿನಲ್ಲಿ ಗಾಲಿ ನಡುಗೆರೆಯ ಈಚೆಗೇ ಇದ್ದರೂ ವಾಲಿದ ಸವಾರನ ತಲೆ ಗೆರೆಯ ಆಚೆಗೆ, ಎದುರು ಬರುವ ಬಸ್ಸಿನ ದಾರಿಗೆ ಹೋಗಿರುತ್ತದೆ.

ಇನ್ನು ಹಿಮ್ಮುರಿಯಲ್ಲಿ ವೇಗ 15, 20 ಕಿಲೋಮೀಟರಿಗೆ ಇಳಿದಾಗ ಮೈಯ ಪಾಠವೇ ಮಗುಚಿ ಬೀಳುತ್ತದೆ. ಆ ವೇಗದಲ್ಲಿ ಹಿಡಿತದ ಕೊರತೆ ಇಲ್ಲ, ಇರುವುದು ಜಾಗದ ಕೊರತೆ. ಬೈಕು ಹೆಚ್ಚು ವಾಲಿದಷ್ಟೂ ಕಡಿಮೆ ಜಾಗದಲ್ಲಿ ತಿರುಗುತ್ತದೆ. ಆದ್ದರಿಂದ ಸವಾರ ತುಸು ಹೊರಬದಿಗೆ ಸರಿದು ನೆಟ್ಟಗೆ ಕೂತು, ಬೈಕನ್ನು ಮಾತ್ರ ತನ್ನ ಅಡಿಯಲ್ಲಿ ಒಳಕ್ಕೆ ವಾಲಿಸಬೇಕು. ರಾಬರ್ಟ್ಸ್ ಬೆಳೆದ ಮಣ್ಣಿನ ಟ್ರ್ಯಾಕಿನಲ್ಲೂ ಸವಾರರು ಕೂರುವುದು ಹೀಗೆಯೇ: ಬೈಕು ಒಳಕ್ಕೆ, ಮೈ ಹೊರಕ್ಕೆ, ಒಳಗಿನ ಕಾಲಿನ ಬೂಟಿಗೆ ಕಬ್ಬಿಣದ ಅಟ್ಟೆ, ಆ ಕಾಲು ಮಣ್ಣಿನ ಮೇಲೆ ಜಾರುತ್ತ. ಖಾಲಿ ಮೈದಾನದಲ್ಲಿ ಮೊದಲ ಗೇರಿನಲ್ಲಿ ಎಂಟರ ಆಕಾರದಲ್ಲಿ ಸುತ್ತಿ ನೋಡಿದರೆ ಈ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ. ಹೆಲ್ಮೆಟ್ಟು, ಬೂಟು, ಕೈಗವಸು ಹಾಕಿಕೊಂಡೇ ಸುತ್ತಿ.